ಪದಚರ್ಚೆ: ಕೋಷ್ಟಕದ ತಲೆಬರಹಕ್ಕೆ ವಿಭಕ್ತಿ ಹಚ್ಚಬಹುದೇ? (ಜೊತೆಗೆ ಇನ್ನೂ ನಾಲ್ಕಾರು ಪದಗಳ ಗೋಳು)

ಬಳಗದ ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗ ಮೈನ್‌ಕ್ರಾಫ್ಟ್ ಆಡುತ್ತಾನೆ. ಆ ಆಟದ ಜಾವಾ ಆವೃತ್ತಿಯಲ್ಲಿ ಭಾಷೆ ಆರಿಸುವ ಪಟ್ಟಿಯಲ್ಲಿ ಕನ್ನಡವೂ ಇದೆ. ಅದನ್ನು ಕಂಡ ದಿನದಿಂದ ಅವನಿಗೂ ಅವನ ಇಬ್ಬರು ಗೆಳೆಯರಿಗೂ ಹುರುಪು. ಮೂವರೂ ಸೇರಿ ಆಟದ ಸಾಮಾನುಗಳ ಬಗ್ಗೆ ಕನ್ನಡದಲ್ಲೇ ಒಂದು ಪುಟ್ಟ ವಿಕಿ ಶುರು ಮಾಡಿದ್ದಾರೆ. ಬರೆಯುವುದು ಅವರು, ತಿದ್ದುವುದು ನಾನು. ಬರಹದ ಪುಟಗಳು ಸಲೀಸಾಗಿ ಮುಗಿದವು. ನಾನು ಸಿಕ್ಕಿಬಿದ್ದಿದ್ದು ಕೋಷ್ಟಕಗಳಲ್ಲಿ.

ಕತ್ತಿಗಳ ಕೋಷ್ಟಕವನ್ನೇ ತೆಗೆದುಕೊಳ್ಳಿ. ಹುಡುಗ ಎರಡು ಕಡೆ 'ಹಾನಿ' ಎಂದು ತಲೆಬರಹ ಕೊಟ್ಟಿದ್ದ. ವಜ್ರದ ಕತ್ತಿಯ ಮುಂದೆ ಒಂದು ಹಾನಿಯ ಕೆಳಗೆ 7, ಇನ್ನೊಂದರ ಕೆಳಗೆ 1561. ಮೊದಲನೆಯದು ಆ ಕತ್ತಿಯಿಂದ ಹೊಡೆದರೆ ಎದುರಾಳಿಗೆ ಬೀಳುವ ಪೆಟ್ಟು. ಎರಡನೆಯದು ಕತ್ತಿಯೇ ಸವೆದು ಮುರಿಯುವವರೆಗಿನ ಲೆಕ್ಕ. ಆಟ ಗೊತ್ತಿಲ್ಲದ ಅವನ ತಂಗಿ ಅದನ್ನು ನೋಡಿ, "ಇದನ್ನು ಹಿಡ್ಕೊಂಡ್ರೆ ನಂಗೇ ಏಳು ಹಾನಿ ಆಗುತ್ತಾ?" ಎಂದು ಕೇಳಿದಳು. ಕೇಳಿದ್ದು ಸರಿಯಾಗೇ ಇದೆ, ಅಲ್ವಾ? ವಾಕ್ಯದಲ್ಲಾದರೆ 'ಹಾನಿ ಮಾಡುತ್ತದೆ', 'ಹಾನಿ ಆಗುತ್ತದೆ' ಎಂದು ಕ್ರಿಯಾಪದವೇ ಬಿಡಿಸಿ ಹೇಳಿಬಿಡುತ್ತದೆ. ಕೋಷ್ಟಕದ ತಲೆಯ ಮೇಲೆ ಪದ ಒಂಟಿಯಾಗಿ ನಿಂತಿರುತ್ತದೆ. ಮಾಡುವವರು ಯಾರು, ಆಗುವುದು ಯಾರಿಗೆ ಎಂದು ಹೇಳಲು ಅಲ್ಲಿ ಯಾರೂ ಇಲ್ಲ.

ಎರಡನೆಯದಕ್ಕೆ ಪದ ಹುಡುಕಬೇಕಾಗಲಿಲ್ಲ. ಪಾತ್ರೆ ಅಂಗಡಿಯಲ್ಲಿ, ಚಪ್ಪಲಿ ಅಂಗಡಿಯಲ್ಲಿ ದಿನಾ ಕೇಳುವ ಮಾತು: ಬಾಳಿಕೆ. ಮರದ ಕತ್ತಿಯ ಬಾಳಿಕೆ 59, ಕಲ್ಲಿನದು 131, ಕಬ್ಬಿಣದ್ದು 250, ವಜ್ರದ್ದು 1561, ಆಟದಲ್ಲಷ್ಟೇ ಇರುವ ನೆದರೈಟ್ ಎಂಬ ಲೋಹದ್ದು 2031. ಚಿನ್ನದ್ದು ಬರೀ 32. ಚಿನ್ನದ ಪಿಕಾಸಿ ಮಿಕ್ಕೆಲ್ಲ ಪಿಕಾಸಿಗಳಿಗಿಂತ ಬೇಗ ಅಗೆಯುತ್ತದೆ, ಆದರೆ ಬಾಳಿಕೆ ಬರುವುದಿಲ್ಲ. ಹೀಗೆ ಬರೆದರೆ ಆಟವನ್ನೇ ನೋಡದವರಿಗೂ ಅರ್ಥವಾಗುತ್ತದೆ. ಯಾರೋ ಇದಕ್ಕೆ 'ದೀರ್ಘಬಾಳಿಕಾ ಸಾಮರ್ಥ್ಯ' ಎಂದು ಸೂಚಿಸಿದ್ದರು. ದಯವಿಟ್ಟು ಬೇಡ. ಫೋನಿನ ಪರದೆಯಲ್ಲಿ ಆ ಒಂದು ತಲೆಬರಹವೇ ಅರ್ಧ ಕೋಷ್ಟಕ ನುಂಗುತ್ತದೆ.

ಇನ್ನು ಹೌದು, ಇಲ್ಲಗಳ ಕಥೆ. ನನ್ನ ಮುಖ್ಯ ಪ್ರಶ್ನೆ ಹುಟ್ಟಿದ್ದು ಇಲ್ಲೇ.

ಹುಡುಗರ ಕೋಷ್ಟಕದಲ್ಲಿ 'ತಿನ್ನಬಹುದೇ?', 'ಕುಲುಮೆ ಬೇಕೇ?', 'ಆಯುಧವೇ?', 'ಲಾವಾದಲ್ಲಿ ಸುಡುತ್ತದೆಯೇ?' ಎಂಬ ತಲೆಬರಹಗಳಿದ್ದವು. ಕೆಳಗಿನ ಮನೆಗಳಲ್ಲೆಲ್ಲ ಹೌದು ಅಥವಾ ಇಲ್ಲ. ಓದುತ್ತಾ ಹೋದರೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ರೊಟ್ಟಿಗೆ ಕುಲುಮೆ ಬೇಕೇ? ಮೂರು ಗೋಧಿ ಸಾಲಾಗಿ ಇಟ್ಟರೆ ಈ ಆಟದಲ್ಲಿ ರೊಟ್ಟಿ ಆಗಿಬಿಡುತ್ತದೆ, ಒಲೆ ಹಚ್ಚುವ ಕೆಲಸವೇ ಇಲ್ಲ. ಹಾಗಾದರೆ ಉತ್ತರ 'ಇಲ್ಲ' ಅಲ್ಲ, 'ಬೇಡ'. ರೊಟ್ಟಿ ಆಯುಧವೇ? 'ಇಲ್ಲ' ಅಲ್ಲ, 'ಅಲ್ಲ'. ಕಲ್ಲನ್ನು ತಿನ್ನಬಹುದೇ? 'ಆಗುವುದಿಲ್ಲ'. ನಮ್ಮ ಭಾಷೆಯಲ್ಲಿ ಎಲ್ಲ ಪ್ರಶ್ನೆಗೂ ಹೊಂದುವ ಒಂದೇ ನಕಾರ ಇಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಉತ್ತರ ಕೊಡುವವರು ನಾವು. 'ಊಟ ಆಯ್ತಾ' ಎಂದರೆ 'ಆಯ್ತು' ಅನ್ನುತ್ತೇವೆ.

ಸರಿ, ಪದವೇ ಬೇಡ ಎಂದು ಹುಡುಗರು ಹಸಿರು ಸರಿ ಗುರುತು, ಕೆಂಪು ತಪ್ಪು ಗುರುತು ಹಾಕಿದರು. ಆಗ ಬೇರೆ ಎಡವಟ್ಟಾಯಿತು. ನೆದರೈಟ್ ಸಾಮಾನು ಲಾವಾಕ್ಕೆ ಬಿದ್ದರೂ ಸುಡುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆ. ಕೋಷ್ಟಕದಲ್ಲಿ ಮಾತ್ರ ಅದರ ಮುಂದೆ ದೊಡ್ಡ ಕೆಂಪು ತಪ್ಪು ಗುರುತು, ಪರೀಕ್ಷೆಯಲ್ಲಿ ನಪಾಸಾದ ಹಾಗೆ. ಬಣ್ಣ ಗುರುತಿಸಲು ಕಷ್ಟ ಇರುವವರಿಗೆ ಕೆಂಪು ಹಸಿರಿನ ಮೇಲೇ ನಿಂತ ಕೋಷ್ಟಕ ಹೇಗೂ ಉಪಯೋಗಕ್ಕೆ ಬಾರದು.

ಒಂದು ಸಂಜೆ ಸುಮ್ನೆ ಕೂತು ತಿದ್ದುತ್ತಿದ್ದಾಗ 'ಲಾವಾದಲ್ಲಿ ಸುಡುತ್ತದೆಯೇ?' ಎಂಬುದರ ಬಾಲ ಕತ್ತರಿಸಿ 'ಲಾವಾದಲ್ಲಿ' ಎಂದಷ್ಟೇ ಬಿಟ್ಟೆ. ಕೆಳಗಿನ ಮನೆಗಳಲ್ಲಿ 'ಸುಡುತ್ತದೆ', 'ಉಳಿಯುತ್ತದೆ' ಎಂದು ಬರೆದೆ. ಈಗ ಅಡ್ಡಸಾಲು ಓದಿ ನೋಡಿ: ನೆದರೈಟ್ ಕತ್ತಿ, ಲಾವಾದಲ್ಲಿ, ಉಳಿಯುತ್ತದೆ. ಪೂರ್ತಿ ವಾಕ್ಯ! ಕರ್ತೃ ಎಡಗಡೆ, ವಿಭಕ್ತಿ ಸೇರಿದ ಪದ ತಲೆಯ ಮೇಲೆ, ಕ್ರಿಯಾಪದ ಕೊನೆಗೆ ಮನೆಯೊಳಗೆ. ಕ್ರಿಯಾಪದ ಕೊನೆಗೆ ಬರುವ ಭಾಷೆಗೆ ಇದು ಹೇಳಿ ಮಾಡಿಸಿದ ಹಾಗಿದೆ. 'ರೊಟ್ಟಿ, ಕುಲುಮೆ, ಬೇಡ' ಕೂಡ ಹಾಗೇ ಓದಿಸಿಕೊಂಡು ಹೋಗುತ್ತದೆ.

ಹಾನಿಯ ಗಂಟೂ ಇದೇ ದಾರಿಯಲ್ಲಿ ಬಿಚ್ಚಿತು. ಮೊದಲ ಹಾನಿಯ ಜಾಗದಲ್ಲಿ 'ಏಟಿಗೆ' ಎಂದು ಹಾಕಿದೆ. ವಜ್ರದ ಕತ್ತಿ, ಏಟಿಗೆ 7. ಸಂತೆಯಲ್ಲಿ ಟೊಮೆಟೊ ಗುಡ್ಡೆಯ ಮೇಲೆ ಸಿಕ್ಕಿಸಿದ ರಟ್ಟಿನ ತುಂಡಿನಲ್ಲಿ 'ಕೆ.ಜಿ.ಗೆ 40' ಅಂತ ಬರೆಯುತ್ತಾರಲ್ಲ, ಅದೇ ಕಟ್ಟು. ಅಲ್ಲಿ 'ಪ್ರತಿ ಕಿಲೋಗ್ರಾಂ ದರ' ಎಂದು ಬರೆದವರನ್ನು ನಾನು ಕಂಡಿಲ್ಲ.

ಆದರೆ ಬಳಗದಲ್ಲಿರುವ ನನ್ನ ಹಿರಿಯ ಸ್ನೇಹಿತರೊಬ್ಬರು, ಮೇಷ್ಟ್ರಾಗಿದ್ದವರು, ಇದನ್ನು ಒಪ್ಪಲಿಲ್ಲ. ತಲೆಬರಹ ಅಂದರೆ ಹೆಸರು, ಹೆಸರು ಪ್ರಥಮಾ ವಿಭಕ್ತಿಯಲ್ಲೇ ಇರಬೇಕು, 'ಏಟಿಗೆ' ಅನ್ನುವುದು ಅರ್ಧಕ್ಕೆ ನಿಂತ ಮಾತು ಎಂಬುದು ಅವರ ವಾದ. ಅರ್ಧಕ್ಕೆ ನಿಂತಿದೆ, ನಿಜ. ಉಳಿದರ್ಧ ಕೆಳಗಿನ ಮನೆಯಲ್ಲಿದೆ ಅನ್ನುವುದು ನನ್ನ ವಾದ. ನೀವೇನಂತೀರಿ? ಪಂಚಾಯಿತಿ, ಸೊಸೈಟಿ, ಡೇರಿ ಪುಸ್ತಕಗಳಲ್ಲಿ ವಿಭಕ್ತಿ ಸೇರಿದ ತಲೆಬರಹ ಕಂಡವರಿದ್ದರೆ ದಯವಿಟ್ಟು ಬರೆಯಿರಿ.

ಊಟದ ಕೋಷ್ಟಕಕ್ಕೆ ಬರೋಣ. ಈ ಆಟದಲ್ಲಿ ತಿನಿಸಿಗೆ ಎರಡು ಅಳತೆ. ತಿಂದ ಕೂಡಲೇ ಹಸಿವಿನ ಪಟ್ಟಿ ಎಷ್ಟು ತುಂಬುತ್ತದೆ ಎಂಬುದು ಒಂದು. ಪೂರ್ತಿ ತುಂಬಿದರೆ 20 ಅಂಕ. ತಿಂದದ್ದು ಎಷ್ಟು ಹೊತ್ತು ಹಸಿವನ್ನು ದೂರ ಇಡುತ್ತದೆ ಎಂಬುದು ಇನ್ನೊಂದು. ಹುಡುಗರು ಮೊದಲನೆಯದಕ್ಕೆ 'ಹಸಿವು' ಎಂದು ಬರೆದಿದ್ದರು. 'ರೊಟ್ಟಿ, ಹಸಿವು 5' ಎಂದರೆ ರೊಟ್ಟಿ ತಿಂದರೆ ಐದು ಹಸಿವು ಏರುತ್ತದೆ ಅಂತಲೇ ಅರ್ಥ ಬರುತ್ತದೆ. ಅದನ್ನು 'ಹೊಟ್ಟೆಗೆ' ಮಾಡಿದೆವು. ಎರಡನೆಯದಕ್ಕೆ ನಿಘಂಟಿನಲ್ಲಿ ಸಿಗುವುದು 'ಸಂತೃಪ್ತಿ', 'ಪರ್ಯಾಪ್ತತೆ'. ಇವು ಹಸಿದವರ ಪದಗಳಲ್ಲ. ನಮ್ಮ ಹಾಸನದ ಕಡೆ ಬೆಳಿಗ್ಗೆ ಮುದ್ದೆ ತಿಂದು ಗದ್ದೆಗೆ ಹೋಗುವವರು "ಮಧ್ಯಾಹ್ನದ ಗಂಟ ತಡೀತದೆ" ಅನ್ನುತ್ತಾರೆ. ಮಂಡಕ್ಕಿ ಎಷ್ಟು ತಿಂದರೂ ತಡೆಯುವುದಿಲ್ಲ. ಆಟದಲ್ಲೂ ಥೇಟ್ ಇದೇ ನಡೆಯುತ್ತದೆ. ಬಿಸ್ಕತ್ತು ಹೊಟ್ಟೆಗೆ 2, ತಡೆಯುವುದು 0.4. ರೊಟ್ಟಿ ಹೊಟ್ಟೆಗೆ 5, ತಡೆಯುವುದು 6. ಬೇಯಿಸಿದ ದನದ ಮಾಂಸ ಹೊಟ್ಟೆಗೆ 8, ತಡೆಯುವುದು 12.8. ಚಿನ್ನದ ಗಜ್ಜರಿ ಹೊಟ್ಟೆಗೆ 6 ಅಷ್ಟೇ, ಆದರೆ ತಡೆಯುವುದು 14.4. ಹೀಗೆ ಬರೆದ ಮೇಲೆ ಅಕ್ಕನೂ ಬಂದು ಕೋಷ್ಟಕ ಓದಿದಳು.

ಇದಕ್ಕೊಂದು ನಾಮಪದ ಬೇಕು. 'ತಡೆ' ಎಂದರೆ ಅಡ್ಡಿ ಅಂತಾಗುತ್ತದೆ. 'ತಾಳಿಕೆ' ಎಂದರೆ ಪಕ್ಕದ 'ಬಾಳಿಕೆ'ಯ ಜೊತೆ ಕಣ್ಣು ತಪ್ಪುತ್ತದೆ. ಸದ್ಯಕ್ಕೆ 'ತಡೆಯುವುದು' ಅಂತಲೇ ಇಟ್ಟಿದ್ದೇನೆ.

ಕೊಳೆತ ಮಾಂಸ ಮಾತ್ರ ಯಾವ ಅಂಕಣಕ್ಕೂ ಬಗ್ಗಲಿಲ್ಲ. ಹೊಟ್ಟೆಗೆ 4, ಆದರೆ ನೂರಕ್ಕೆ 80 ಸಲ ತಿಂದವರಿಗೆ ಮತ್ತೆ ಹಸಿವು ಹತ್ತಿಸುತ್ತದೆ. ಇಂಥದ್ದಕ್ಕೆ ಕೊನೆಯಲ್ಲೊಂದು ಜಾಗ ಬೇಕಿತ್ತು. ನಮ್ಮ ಕಚೇರಿ ಕಾಗದಗಳಲ್ಲಿ ತಲೆಮಾರುಗಳಿಂದ ಇರುವ 'ಷರಾ' ಎಂಬ ಪದ ಕೊಟ್ಟೆ. ಎರಡಕ್ಷರ, ಸ್ಪಷ್ಟ ಅರ್ಥ, ಕೋಷ್ಟಕಕ್ಕೆಂದೇ ಹುಟ್ಟಿದ ಪದ. ಹುಡುಗರಿಗೆ ಅದು ಮಂತ್ರದಂತೆ ಕೇಳಿಸಿತು. ಈಗ ಊಟಕ್ಕೆ ಕೂತಾಗಲೂ "ಹಾಗಲಕಾಯಿ, ಷರಾ: ಕಹಿ" ಅನ್ನುತ್ತಿದ್ದಾರೆ.

ಒಂದೇ ಜಾತಿಯ ಸಾಮಾನು ಚೀಲದ ಒಂದು ಮನೆಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದಕ್ಕೆ ಏನನ್ನೋಣ? ಕಲ್ಲು, ಮರ, ಗೋಧಿ 64ರವರೆಗೆ. ಮೊಟ್ಟೆ, ಹಿಮದುಂಡೆ 16. ಕತ್ತಿ ಒಂದೇ ಒಂದು. 'ಒಟ್ಟು' ಎಂಬ ಕ್ರಿಯಾಪದವಿದೆ, ಬೆರಣಿ ಒಟ್ಟುವುದು, ಸೌದೆ ಒಟ್ಟುವುದು. ಆದರೆ ಕೋಷ್ಟಕದಲ್ಲಿ 'ಒಟ್ಟು 64' ಎಂದು ಕಂಡರೆ ಎಲ್ಲರೂ ಮೊತ್ತ ಅಂದುಕೊಳ್ಳುತ್ತಾರೆ. 'ರಾಶಿ'ಗೆ ಎಣಿಕೆ ಇಲ್ಲ, ಕಣದಲ್ಲಿ ಎಷ್ಟು ಬಿದ್ದರೂ ಅದು ರಾಶಿಯೇ. 'ಕಟ್ಟು' ಚೆನ್ನಾಗಿತ್ತು. ವೀಳ್ಯದೆಲೆಯನ್ನು ಎಣಿಸಿಯೇ ಕಟ್ಟು ಕಟ್ಟುತ್ತಾರೆ. ನನ್ನ ಹೊಸ ಪದ್ಧತಿಯಂತೆ ವಿಭಕ್ತಿ ಹಚ್ಚಿ 'ಕಟ್ಟಿಗೆ' ಎಂದು ಹಾಕಿದೆ. ಮರುದಿನ ಹುಡುಗನ ಗೆಳೆಯ ಕೇಳಿದ: "ಅಂಕಲ್, ಮೊಟ್ಟೆ ಮಾಡೋಕೆ ಹದಿನಾರು ಕಟ್ಟಿಗೆ ಯಾಕೆ ಬೇಕು?" ಮರ ಕಡಿಯುವುದರಿಂದಲೇ ಶುರುವಾಗುವ ಆಟದಲ್ಲಿ ಈ ಪದ ನಡೆಯುವುದಿಲ್ಲ ಅಂತ ನನಗೇ ಹೊಳೆಯಬೇಕಿತ್ತು. ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಬೇರೆ ಪದ ಯಾರಿಗಾದರೂ ತೋಚಿದರೆ ತಿಳಿಸಿ.

'ಸಾಮಾನು' ಎಂದು ನಾನು ಬರೆಯುತ್ತಾ ಬಂದಿರುವುದೂ ಚರ್ಚೆಯಾಗಿದೆ. 'ಪದಾರ್ಥ' ಎನ್ನೋಣ ಎಂದಿದ್ದೆ. ನನ್ನ ಹೆಂಡತಿ ಪುತ್ತೂರಿನವಳು, ಅವರಲ್ಲಿ ಪದಾರ್ಥ ಎಂದರೆ ಅನ್ನಕ್ಕೆ ಹಾಕಿಕೊಳ್ಳುವ ಸಾರು, ಗಸಿ. 'ಪದಾರ್ಥ: ಕೊಡಲಿ' ಎಂದು ಓದಿ ಅವಳು ಮುಖ ನೋಡಿದಳು.

ಕೋಷ್ಟಕದ ಭಾಗಗಳ ಹೆಸರಿನಲ್ಲೂ ನನಗೊಂದು ಗುಮಾನಿ. ಶಾಲೆಯ ಗಣಿತದಲ್ಲಿ ಅಡ್ಡಸಾಲು, ಕಂಬಸಾಲು ಅನ್ನುತ್ತಾರೆ. ಪಹಣಿ ಹಿಡಿದವರು 'ಒಂಬತ್ತನೇ ಕಾಲಂನಲ್ಲಿ ಹೆಸರಿದೆ' ಅನ್ನುತ್ತಾರೆ. ನಾನು ಮೇಲೆ ಅಂಕಣ ಎಂದೆ, ಅದು ಪತ್ರಿಕೆಯ ಪದ ಎಂದು ನೀವು ಅಂದುಕೊಂಡಿರಬಹುದು. ಆದರೆ ಹಳೇ ಮನೆಗಳ ಲೆಕ್ಕ ನೆನಪಿಸಿಕೊಳ್ಳಿ. ನಮ್ಮ ಅಜ್ಜಿಯದು ಮೂರಂಕಣದ ಮನೆ. ಎರಡು ಕಂಬಗಳ ನಡುವಿನ ಜಾಗವೇ ಅಂಕಣ. ಕೋಷ್ಟಕದಲ್ಲಿ ಮೇಲಿಂದ ಕೆಳಕ್ಕೆ ಎಳೆದ ಗೆರೆ ಕಂಬವಾದರೆ, ನಾವು ಬರೆಯುವುದು ಕಂಬದ ಮೇಲಲ್ಲ, ಎರಡು ಕಂಬಗಳ ನಡುವೆ. ಹಾಗಾಗಿ ಅಂಕಣವೇ ಸರಿ ಎಂದು ನನಗೆ ತೋರುತ್ತದೆ. ಶಾಲೆಯವರು ಬೇಜಾರು ಮಾಡಿಕೊಳ್ಳಬಾರದು.

ಅಂಕಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನ್ನಡ ಅಂಕಿ ಹಾಕಬೇಕೆಂದು ಆಸೆಪಟ್ಟೆವು. ಸಣ್ಣ ಪರದೆಯಲ್ಲಿ ೬ ಮತ್ತು ೯ ಅದಲು ಬದಲಾಗಿ ಕಾಣುತ್ತಿದ್ದವು. ಒಬ್ಬ ಹುಡುಗ ಸೊನ್ನೆಯ ಬದಲು ಅನುಸ್ವಾರ ಒತ್ತಿದ್ದ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಅಲ್ಲ. ಆ ಅಂಕಣ ಏರಿಕೆ ಇಳಿಕೆಯ ಕ್ರಮಕ್ಕೆ ಬರಲೇ ಇಲ್ಲ.

ಹೆಸರುಗಳ ಅಕಾರಾದಿ ಕ್ರಮದಲ್ಲೂ ಒಂದು ಸಣ್ಣ ತಮಾಷೆ ಇದೆ. ತಲೆಬರಹ ಒತ್ತಿ ಜೋಡಿಸಿದರೆ ಕಲ್ಲು, ಕಳ್ಳಿ, ಕವಚ ಎಂದು ಬರುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕ್ರಮಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಳಕಾರಕ್ಕೆ ಲಕಾರದ ಪಕ್ಕದಲ್ಲೇ ಜಾಗ ಕೊಟ್ಟಿದ್ದಾರೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಆಚೆ, ಆದ್ದರಿಂದ ಕಲ್ಲು, ಕವಚ, ಕಳ್ಳಿ ಎಂದಿರಬೇಕು. ಹುಡುಗರಿಗೆ ಇದು ತಪ್ಪು ಅನ್ನಿಸಲೇ ಇಲ್ಲ. ನಿಘಂಟು ತಿರುವಿ ಹಾಕುವ ಅಭ್ಯಾಸ ಇರುವವರಿಗೆ ಮಾತ್ರ ಇದು ಕಣ್ಣಿಗೆ ಚುಚ್ಚುತ್ತದೆ.

ಕೊನೆಯದಾಗಿ ಒಂದು ಕೆಲಸ ಹಚ್ಚುತ್ತಿದ್ದೇನೆ. ಸಾಮಾನು ಎಷ್ಟು ಅಪರೂಪದ್ದು ಎಂಬುದನ್ನು ಆಟದಲ್ಲಿ ಹೆಸರಿನ ಬಣ್ಣದಿಂದ ತೋರಿಸುತ್ತಾರೆ: ಬಿಳಿ, ಹಳದಿ, ತಿಳಿನೀಲಿ, ನೇರಳೆಗೆಂಪು. ಬಿಳಿಗೆ 'ಸಾಮಾನ್ಯ' ಎಂದು ಬರೆದೆವು. ಉಳಿದ ಮೂರಕ್ಕೆ ಅಪರೂಪ, ವಿರಳ, ಅಪೂರ್ವ ಎಂಬ ಮೂರು ಪದಗಳು ಕೈಯಲ್ಲಿವೆ. ಯಾವುದು ಯಾವುದಕ್ಕಿಂತ ಮೇಲೆ ಎಂಬುದರಲ್ಲಿ ನಮ್ಮ ಮನೆಯ ಐದು ಜನ ಐದು ಉತ್ತರ ಕೊಟ್ಟರು. ನಿಘಂಟು ಮುಟ್ಟದೆ, ಯಾರನ್ನೂ ಕೇಳದೆ, ಸುಲಭವಾಗಿ ಸಿಗುವುದರಿಂದ ಸಿಗದೇ ಇರುವುದರ ಕಡೆಗೆ ಈ ಮೂರನ್ನೂ ಸಾಲಾಗಿ ಬರೆದು ಕಳಿಸಿ. ಜೊತೆಗೆ ನಿಮ್ಮ ಊರು ಯಾವುದು ಅಂತಲೂ ಹಾಕಿ. ಮುಂದಿನ ವಾರ ಹುಡುಗರು ನಿಮ್ಮ ಉತ್ತರಗಳನ್ನೇ ಒಂದು ಕೋಷ್ಟಕ ಮಾಡುತ್ತಾರಂತೆ. ಷರಾ ಅಂಕಣ ಖಾಲಿ ಬಿಟ್ಟಿರುತ್ತಾರೆ.