ಬಿಲ್ಲೆಯ ನಡುವೆ ಕೋಶಗಳು ಸಾಯುತ್ತಿವೆ

ಪ್ರಶ್ನೆ: ಯಶವಂತಪುರದ ಬಳಿಯ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ ನಾನು. ಮೂಳೆಮಜ್ಜೆಯ ಕಾಂಡಕೋಶಗಳನ್ನು ಹೈಡ್ರಾಕ್ಸಿಅಪಟೈಟ್ ಎಂಬ ಮೂಳೆ ಖನಿಜದ ರಂಧ್ರಭರಿತ ಬಿಲ್ಲೆಗಳಲ್ಲಿ ಬೆಳೆಸುತ್ತಿದ್ದೇನೆ. ದಪ್ಪ 5 ಮಿಲಿಮೀಟರ್. 21ನೇ ದಿನ ಕತ್ತರಿಸಿ ನೋಡಿದರೆ ಅಂಚಿನಲ್ಲಿ ಮಾತ್ರ ಜೀವಂತ ಕೋಶಗಳ ಹಸಿರು ಹೊಳಪು, ನಡುವೆಲ್ಲ ಸತ್ತ ಕೋಶಗಳು. ಆದರೆ ಅಲಿಜರಿನ್ ಬಣ್ಣ ಹಾಕಿದಾಗ ಇಡೀ ಬಿಲ್ಲೆ ದಾಸವಾಳದಂತೆ ಕೆಂಪಾಯಿತು. ಮೂಳೆಯಾಗಿದೆ ಎನ್ನಬಹುದೇ? ಮೂರು ತಿಂಗಳ ದುಡಿಮೆ, ಮನಸ್ಸು ಕುಗ್ಗಿದೆ.

ಉತ್ತರ 1: ಎನ್ನಲಾಗದು ಮೇಡಂ. ಅಲಿಜರಿನ್ ಹಿಡಿಯುವುದು ಕ್ಯಾಲ್ಸಿಯಂ ಅನ್ನು. ನಿಮ್ಮ ಬಿಲ್ಲೆಯೇ ಕ್ಯಾಲ್ಸಿಯಂ ಫಾಸ್ಫೇಟ್! ಕೋಶ ಹಾಕದ ಬಿಲ್ಲೆಗೂ ಅದೇ ಬಣ್ಣ ಹಾಕಿ ನೋಡಿ. ಮೂಳೆ ಕೋಶಗಳು ತಯಾರಿಸುವ ಆಸ್ಟಿಯೋಕ್ಯಾಲ್ಸಿನ್ ಪ್ರೋಟೀನ್ ಅಳೆದರೆ ನಂಬಬಹುದು.

ಉತ್ತರ 2: ನಡುವಿನ ಸಾವಿಗೆ ಕಾರಣ ಆಮ್ಲಜನಕದ ಕೊರತೆ. ದೇಹದಲ್ಲಿ ಬಹುತೇಕ ಕೋಶಗಳು ರಕ್ತನಾಳದಿಂದ 100–200 ಮೈಕ್ರೋಮೀಟರ್ ಒಳಗೇ ಇರುತ್ತವೆ. ನಿಂತ ದ್ರವದಲ್ಲಿ 5 ಮಿಲಿಮೀಟರ್ ದಪ್ಪ ಅತಿಯಾಯಿತು. ಪಂಪ್ ಇಟ್ಟು ಪೋಷಕ ದ್ರವವನ್ನು ರಂಧ್ರಗಳ ಮೂಲಕವೇ ನಿಧಾನವಾಗಿ ಹರಿಸಿ. ಆ ಹರಿವಿನ ಒತ್ತಡವೇ ಕೋಶಗಳನ್ನು ಮೂಳೆಯತ್ತ ತಿರುಗಲು ಪ್ರಚೋದಿಸುತ್ತದೆ. ರಂಧ್ರಗಳು 300 ಮೈಕ್ರೋಮೀಟರ್‌ಗಿಂತ ಚಿಕ್ಕದಾಗಿದ್ದರೆ ಮುಂದೆ ದೇಹದಲ್ಲಿ ಇಟ್ಟಾಗ ರಕ್ತನಾಳ ನುಸುಳುವುದೂ ಕಷ್ಟ.

ಪ್ರಶ್ನೆ ಕೇಳಿದವರು: ಖಾಲಿ ಬಿಲ್ಲೆಯೂ ಕೆಂಪಾಯಿತು ಸರ್. ನಾಳೆ 2 ಮಿಲಿಮೀಟರ್ ಬಿಲ್ಲೆಗಳಿಗೆ ಕೋಶ ಹಾಕುತ್ತೇನೆ, ಪಂಪ್ ಸಮೇತ.