ಅಪ್‌ಡೇಟ್: ದೊಡ್ಡಜ್ಜನ ಮಸಿಕುಡಿಕೆ ಬೆಳ್ಳಿಯದ್ದಾ, ಬರೀ ಲೇಪವಾ?

ದೊಡ್ಡಜ್ಜನಿಂದ ನನಗೆ ಬಂದ ಹಳೇ ಮಸಿಕುಡಿಕೆ ಅಪ್ಪಟ ಬೆಳ್ಳಿಯದ್ದಾ, ಕಪ್ಪಾಗಿರೋದನ್ನ ಹೇಗೆ ತೊಳೆಯಲಿ ಅಂತ ಕೇಳಿದ್ದೆ. ತಳದ ಗುರುತು ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಲೆನ್ಸ್ ಹಿಡಿದು ನೋಡಿದೆ. ಇಂಗ್ಲೆಂಡಿನ ಅಪ್ಪಟ ಬೆಳ್ಳಿಗೆ ಒತ್ತುವ ಸಿಂಹದ ಮುದ್ರೆ ಇಲ್ಲ. ‘ಇಪಿಎನ್‌ಎಸ್’ ಅಂತ ನಾಲ್ಕು ಅಕ್ಷರ ಇವೆ. ಅಂದರೆ ಒಳಗಿರೋದು ತಾಮ್ರ, ಸತು, ನಿಕ್ಕಲ್ ಬೆರೆಸಿದ ಲೋಹ. ಮೇಲೆ ವಿದ್ಯುತ್ತಿನಿಂದ ಕೂರಿಸಿದ ತೆಳು ಬೆಳ್ಳಿ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು 1840ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು.

ಅಕ್ಕಸಾಲಿಗರಿಗೂ ತೋರಿಸಿದೆ. “ಕರಗಿಸಿದ್ರೆ ಏನೂ ಸಿಗಲ್ಲಮ್ಮ, ಹಾಗೇ ಇಟ್ಕೊಳ್ಳಿ” ಅಂದರು. ಮಾರೋ ಯೋಚನೆ ನನಗಂತೂ ಇಲ್ಲ. ಮುಚ್ಚಳ ಎತ್ತುವಾಗ ಹೆಬ್ಬೆರಳು ತಾಗುವ ಕಡೆ ಬೆಳ್ಳಿ ಸವೆದು, ಹಳದಿ ಛಾಯೆಯ ಲೋಹ ಕಾಣುತ್ತದೆ. ಮತ್ತೆ ಲೇಪ ಹಾಕಿಸಿ ಅಂತ ಕೆಲವರು ಹೇಳಿದ್ದಿರಿ. ಹಾಕಿಸಲ್ಲ. ಅದು ದೊಡ್ಡಜ್ಜನ ಕೈ ಸವೆಸಿದ ಜಾಗ ಅಲ್ವಾ?

ಒಳಗಿನ ಗಾಜಿನ ಬಟ್ಟಲನ್ನು ಹೊರತೆಗೆದು ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿದೆ. ಒಣಗಿ ಅಂಟಿದ್ದ ನೀಲಿ ಮಸಿ ನಿಧಾನಕ್ಕೆ ಬಿಟ್ಟಿತು. ಲೋಹಕ್ಕೆ ಸೋಪಿನ ನೀರು, ಮೆತ್ತನೆ ಹತ್ತಿ ಬಟ್ಟೆ ಅಷ್ಟೇ. ವಿಭೂತಿ, ಟೂತ್‌ಪೇಸ್ಟ್ ಮುಟ್ಟಿಸಲಿಲ್ಲ. ಜಾಸ್ತಿ ಉಜ್ಜಿದಷ್ಟೂ ಲೇಪ ಹೋಗುತ್ತದೆ. ಬಳ್ಳಿ ಚಿತ್ತಾರದ ಸಂದಿಯ ಕಪ್ಪನ್ನು ಬೇಕಂತಲೇ ಬಿಟ್ಟೆ, ಎಲೆಗಳು ಎದ್ದು ಕಾಣುತ್ತವೆ.

ಇಂಥದ್ದು ನಿಮ್ಮ ಮನೆಯಲ್ಲಿದ್ದರೆ ರಬ್ಬರ್ ಬ್ಯಾಂಡ್ ಮಾತ್ರ ಸುತ್ತಬೇಡಿ. ರಬ್ಬರಿನಲ್ಲಿರೋ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.