ನ್ಯೂಟ್ರಾನ್ ನಕ್ಷತ್ರ ರೇಂಜ್: 135 ಬರಬೇಕಾದಲ್ಲಿ 305 ಬರುತ್ತಿದೆ, ಸಹಾಯ ಬೇಕು

ಹಾಸನ_ಬಿಎಸ್ಸಿ:
ಎಲ್ಲರಿಗೂ ನಮಸ್ಕಾರ. ಕಾಲೇಜಿನ ಪ್ರಾಜೆಕ್ಟ್‌ಗೆ ಗುರುತ್ವ ಅಲೆಗಳನ್ನು ಹಿಡಿಯುವ, ಅಮೆರಿಕದ ಲೈಗೋ ಲಿವಿಂಗ್‌ಸ್ಟನ್ ಡಿಟೆಕ್ಟರ್‌ನ ಮೂರನೇ ರನ್ ಡೇಟಾ ಇಳಿಸಿಕೊಂಡು, ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯಾದರೆ ಎಷ್ಟು ದೂರದವರೆಗೆ ಸಿಗ್ನಲ್ ಸಿಗುತ್ತೆ ಅಂತ ಪೈಥಾನ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಒಂದೊಂದೂ 1.4 ಸೂರ್ಯನಷ್ಟು ತೂಕ, ಎಸ್‌ಎನ್‌ಆರ್ (ಡಿಟೆಕ್ಟರ್‌ನ ಗದ್ದಲ ಅಂದರೆ ನಾಯ್ಸ್‌ಗೆ ಹೋಲಿಸಿ ಸಿಗ್ನಲ್‌ನ ಬಲ) 8, 20 ಹರ್ಟ್ಸ್‌ನಿಂದ ಶುರು. ಉತ್ತರ 305 ಮೆಗಾಪಾರ್ಸೆಕ್ (ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ). ಎಲ್ಲಾ ಕಡೆ 135ರ ಆಸುಪಾಸು ಅಂತ ಇದೆ. ನಾಯ್ಸ್ ವರ್ಗ ಮಾಡಿಯೇ ಹಾಕಿದ್ದೇನೆ, ಅದಲ್ಲ. ಗ್ರಾಫ್‌ನಲ್ಲಿ 60 ಹರ್ಟ್ಸ್ ಹತ್ತಿರ ಒಂದು ಗೆರೆ ಸೂಜಿ ಥರ ಎದ್ದು ನಿಂತಿದೆ. ಅದರಿಂದ ಹೀಗಾಗುತ್ತಾ?

ಗಿರಿ_ಚಿಕ್ಕಮಗಳೂರು:
60ರ ಗೆರೆ ಅಮೆರಿಕದ ಕರೆಂಟಿನದು. ನಮ್ಮ ಕಡೆ ಆಗಿದ್ದರೆ 50ರಲ್ಲಿ ಬರುತ್ತಿತ್ತು. ಅಷ್ಟು ಸಣ್ಣ ಗೆರೆಯಿಂದ ದೂರ ಹೆಚ್ಚೇನೂ ಬದಲಾಗಲ್ಲ. ಅಲ್ಲದೆ ನಾಯ್ಸ್ ಜಾಸ್ತಿಯಾದರೆ ದೂರ ಕಡಿಮೆಯಾಗಬೇಕು ಅಲ್ವಾ?

305ನ್ನು 135ರಿಂದ ಭಾಗಿಸಿ ನೋಡಿ. 2.26 ಬರುತ್ತೆ. ನೀವು ತೆಗೆದಿರುವುದು ಹೊರೈಜನ್, ಪ್ರಕಟವಾಗುವುದು ರೇಂಜ್. ನಕ್ಷತ್ರಗಳ ಜೋಡಿಯು ಡಿಟೆಕ್ಟರ್‌ನ ನೆತ್ತಿಯ ಮೇಲೇ ಇದ್ದು, ಅದರ ಕಕ್ಷೆ ನಮಗೆ ನೇರ ಮುಖ ಮಾಡಿದ್ದರೆ ಮಾತ್ರ ಹೊರೈಜನ್‌ವರೆಗೆ ಸಿಗುತ್ತೆ. ಕಕ್ಷೆ ಅಂಚಿನಿಂದ ಕಂಡರೆ ಸಿಗ್ನಲ್ ಕುಗ್ಗುತ್ತೆ. ಇನ್ನು ಡಿಟೆಕ್ಟರ್‌ನ ಎರಡು ತೋಳುಗಳ ನಡುಮಧ್ಯದ ದಿಕ್ಕಿನಿಂದ, ನೆಲದ ಮಟ್ಟದಲ್ಲೇ ಅಲೆ ಬಂದರೆ ಎರಡೂ ತೋಳು ಒಂದೇ ಅಳತೆಗೆ ಹಿಗ್ಗಿ ಕುಗ್ಗುತ್ತವೆ, ವ್ಯತ್ಯಾಸ ಸೊನ್ನೆ, ಏನೂ ಕಾಣಲ್ಲ! ಹೀಗೆ ಎಲ್ಲ ದಿಕ್ಕು, ಎಲ್ಲ ಓರೆ ಸೇರಿಸಿ ಒಟ್ಟು ಎಷ್ಟು ಜಾಗ ಹಿಡಿಯುತ್ತೆ ಅಂತ ನೋಡಿ, ಅಷ್ಟೇ ಜಾಗದ ಒಂದು ಗೋಳ ಮಾಡಿದರೆ ಅದರ ತ್ರಿಜ್ಯವೇ ರೇಂಜ್.

ಹಾಸನ_ಬಿಎಸ್ಸಿ:
2.26ರಿಂದ ಭಾಗಿಸಿದೆ, ಸರಿಹೋಯಿತು. ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ 135 ದಾಟಿದ್ದು ಸಿಗೋದೇ ಇಲ್ವಾ? ಇನ್ನೊಂದು, ಕೆಲವು ಫೈಲ್‌ಗಳಲ್ಲಿ ರೇಂಜ್ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತೆ.

ಗಿರಿ_ಚಿಕ್ಕಮಗಳೂರು:
ಸಿಗುತ್ತೆ. 2019ರ ಏಪ್ರಿಲ್ 25ರಂದು ಸಿಕ್ಕಿದ ಜೋಡಿ ಸುಮಾರು 159 ಮೆಗಾಪಾರ್ಸೆಕ್ ದೂರದ್ದು. ಆಗ ಲೈಗೋದ ಇನ್ನೊಂದು ಡಿಟೆಕ್ಟರ್ ಹ್ಯಾನ್‌ಫರ್ಡ್ ಕೆಲಸ ಮಾಡುತ್ತಿರಲಿಲ್ಲ, ಸಿಗ್ನಲ್ ಗಟ್ಟಿಯಾಗಿ ಕಂಡಿದ್ದು ಲಿವಿಂಗ್‌ಸ್ಟನ್‌ನಲ್ಲೇ. ಆ ಜೋಡಿಯ ಒಟ್ಟು ತೂಕ ಸುಮಾರು 3.4 ಸೂರ್ಯ, ನಿಮ್ಮ 2.8ಕ್ಕಿಂತ ಜಾಸ್ತಿ, ಅದೂ ಅನುಕೂಲವಾಯಿತು. ರೇಂಜ್ ಅಂದರೆ ಗೋಡೆ ಅಲ್ಲ.

ಕಾಫಿತೋಟ_ಕೋಡ್:
ರೇಂಜ್ ಬೀಳುವುದಕ್ಕೆ ಬಹುಶಃ ಗ್ಲಿಚ್ (ಡಿಟೆಕ್ಟರ್‌ನಲ್ಲಿ ಕ್ಷಣಕಾಲ ಏಳುವ ನಾಯ್ಸ್) ಕಾರಣ. ವೆಲ್ಚ್ ವಿಧಾನದಲ್ಲಿ (ಡೇಟಾ ತುಣುಕು ಮಾಡಿ ನಾಯ್ಸ್ ಅಂದಾಜಿಸುವುದು) ಸರಾಸರಿ ಬದಲು ಮೀಡಿಯನ್ (ನಡುವಿನ ಬೆಲೆ) ಹಾಕಿ ನೋಡಿ, ಒಂದು ತುಣುಕು ಕೆಟ್ಟಿದ್ದರೂ ಉಳಿದದ್ದನ್ನು ಎಳೆಯಲ್ಲ. ಡೇಟಾ ಜೊತೆ ಬರುವ ಕ್ವಾಲಿಟಿ ಫ್ಲ್ಯಾಗ್‌ಗಳನ್ನೂ ಮೊದಲು ಪರೀಕ್ಷಿಸಿ. ಮತ್ತೆ ಈ 2.26ನ್ನು ದೂರದ ದೊಡ್ಡ ಕಪ್ಪುಕುಳಿಗಳಿಗೆ ಹಾಗೇ ಹಾಕಬೇಡಿ, ಅಲ್ಲಿ ರೆಡ್‌ಶಿಫ್ಟ್ (ವಿಶ್ವ ಹಿಗ್ಗುವುದರಿಂದ ಅಲೆ ಉದ್ದವಾಗುವುದು) ಲೆಕ್ಕಕ್ಕೆ ಬರುತ್ತೆ.

ಹಾಸನ_ಬಿಎಸ್ಸಿ:
ಮೀಡಿಯನ್ ಹಾಕಿದೆ, ಈಗ ರೇಂಜ್‌ನ ಗ್ರಾಫ್ ನೆಟ್ಟಗಿದೆ. ಕೋಡ್ ಇಲ್ಲೇ ಹಾಕುತ್ತೇನೆ, ಇನ್ನೊಬ್ಬರಿಗೆ ಬೇಕಾಗಬಹುದು.